ಬಾಳೆನಾರಿನ ಲಗಾಮು

ಮೊದಲೇ ಹೇಳಿಬಿಡುತ್ತೇನೆ, ಆ ಹುಡುಗಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವಳು ಹೇಳಿದ್ದು ಸರಿ ಎಂದು ಗೊತ್ತಾದ ಮೇಲೂ ಇಳಿದಿಲ್ಲ. ಸರಿಯಾದದ್ದನ್ನು ಹೇಳುವುದಕ್ಕೂ ಒಂದು ರೀತಿ ಇರುತ್ತದೆ. ನಾನು ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಲೆಕ್ಕವನ್ನೆಲ್ಲ ಕೆಡಿಸಿಟ್ಟ ಮಗುವಿಗೂ ಮೊದಲು "ಇಲ್ಲಿಯವರೆಗೆ ಚೆನ್ನಾಗಿ ಬಂದಿದ್ದೀಯ" ಎಂದು ಹೇಳಿ, ಆಮೇಲೆ ತಪ್ಪಿದ ಜಾಗ ತೋರಿಸುತ್ತೇನೆ. ಕುದುರೆ ಸವಾರಿ ಕಲಿಸಲು ಬಂದ ಈ ಬೇಲೂರಿನ ಹುಡುಗಿ, ವಯಸ್ಸಿನಲ್ಲಿ ನನಗೆ ಕೊನೆಯ ತಂಗಿಯಂತಿದ್ದವಳು, ನಾನು ಕುದುರೆ ಹತ್ತಿ ಅರ್ಧ ಸುತ್ತು ಬರುವಷ್ಟರಲ್ಲಿ ಕೈಯೆತ್ತಿ ನಿಲ್ಲಿಸಿ, "ಅಕ್ಕ, ಇಳೀರಿ" ಅಂದಳು.

ಯಾಕೆ ಎಂದು ಕೇಳಿದೆ.

"ನಿಮಗೆ ಸವಾರಿ ಬರಲ್ಲ ಅಕ್ಕ. ಬರುತ್ತೆ ಅಂದ್ಕೊಂಡಿದೀರ, ಅದೇ ಕಷ್ಟ."

ಬೇಲಿಯ ಆಚೆ ನಿಂತಿದ್ದ ಕಾಲೇಜಿನ ಮಕ್ಕಳು ಮುಖ ತಿರುಗಿಸಿಕೊಂಡು ನಕ್ಕರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಮೂರು ವರ್ಷದಿಂದ ಸವಾರಿ ಮಾಡುತ್ತಿದ್ದೆ. ಅದೇ ಅಂಗಳದಲ್ಲಿ, ಅದೇ ಕಂದು ಕುದುರೆಯ ಮೇಲೆ.

ಹಳೇಬೀಡು ನನ್ನ ತವರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅರಸೀಕೆರೆಯಲ್ಲಿ ಬಸ್ಸು ಹತ್ತಿದರೆ ಬಾಣಾವರ, ಜಾವಗಲ್ಲು ದಾಟಿ ಹೊತ್ತು ಮುಳುಗುವುದರೊಳಗೆ ಅಣ್ಣನ ಮನೆ ಸೇರುತ್ತೇನೆ. ಊರಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ತೆಂಗಿನ ತೋಟವಿದೆ. ಅದರ ಯಜಮಾನರಿಗೆ ಕುದುರೆಯ ಖಯಾಲಿ. ನಾಲ್ಕೈದು ಕುದುರೆ ಕಟ್ಟಿಕೊಂಡು, ಕಲಿಯುವವರಿಗೆ ಭಾನುವಾರ ಬೆಳಿಗ್ಗೆ ಕಲಿಸುವ ಏರ್ಪಾಡು ಮಾಡಿದ್ದರು. ನಾನು ಸೇರಿಕೊಂಡಾಗ ತಲೆಯಲ್ಲಿ ಬಿಳಿಕೂದಲು ಇಣುಕಿಯಾಗಿತ್ತು. "ನಮ್ ನಾದಿನಿ ದಂಡು ಕಟ್ಟೋಕೆ ಹೊಂಟವ್ರೆ" ಎಂದು ಅತ್ತಿಗೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಹೇಳಿಕೊಳ್ಳಲಿ ಎಂದು ಸುಮ್ಮನಿದ್ದೆ.

ಆಗ ಕಲಿಸುತ್ತಿದ್ದವರು ವಯಸ್ಸಾದ ಒಬ್ಬರು ಮೇಷ್ಟ್ರು. ಅರಸೀಕೆರೆ ಸುತ್ತಮುತ್ತ ಮದುವೆ ಮೆರವಣಿಗೆಗೆ ಕುದುರೆ ತರುತ್ತಾ ಜೀವಮಾನ ಕಳೆದವರು. ಬಾಯಿ ತುಂಬ ಮಾತು, ಮಾತಿನ ತುಂಬ "ತಾಯಿ, ತಾಯಿ". ಹೊಸದಾಗಿ ಸೇರಿದವರನ್ನು ಅವರು ಮೊದಲ ದಿನ ಕುದುರೆಯ ಹತ್ತಿರ ಬಿಡುತ್ತಲೇ ಇರಲಿಲ್ಲ. ನೇರವಾಗಿ ಹಳೇಬೀಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಆ ಸಾಲಿನ ಮುಂದೆ ನಿಲ್ಲಿಸಿ ಕೈಮುಗಿಸುತ್ತಿದ್ದರು.

"ಇವ್ರೇ ಕಣ್ ತಾಯಿ ನಮ್ಗೆಲ್ಲ ಮೇಷ್ಟ್ರುಗಳು. ನೋಡ್ಕಳಿ, ಎದೆ ಹೆಂಗೈತೆ, ಕೈ ಹೆಂಗೈತೆ. ಹಿಂಗೇ ಕೂತ್ಕಬೇಕು."

ನನಗೆ ಅದು ಎಷ್ಟು ಹಿಡಿಸಿತೆಂದರೆ ಮೈ ಜುಮ್ಮೆಂದಿತ್ತು. ಆ ಗೋಡೆಯ ಪಕ್ಕದಲ್ಲೇ ಆಡಿ ಬೆಳೆದವಳು ನಾನು. ಬೇರೆ ಊರಿನವರು ಪುಸ್ತಕ ನೋಡಿ ಕಲಿಯುತ್ತಾರೆ, ನಮಗೆ ಕಲ್ಲಿನಲ್ಲೇ ಕೆತ್ತಿಟ್ಟಿದ್ದಾರೆ ಎಂದು ಜಂಬಪಟ್ಟೆ. ಎದೆ ಮುಂದೆ, ಬೆನ್ನು ಹಿಂದಕ್ಕೆ, ಕಾಲು ಮುಂದಕ್ಕೆ ಚಾಚಿ, ಲಗಾಮನ್ನು ಎದೆಯ ಮಟ್ಟಕ್ಕೆ ಎಳೆದು ಹಿಡಿದು ಕೂರುವುದನ್ನು ಕಲಿತೆ. ನಾನಷ್ಟೇ ಅಲ್ಲ, ಆ ತೋಟದಲ್ಲಿ ಕಲಿತ ಎಲ್ಲರೂ ಹಾಗೆಯೇ ಕೂರುತ್ತಿದ್ದರು. ಲಗಾಮು ಎಳೆದು ಹಿಮ್ಮಡಿಯಿಂದ ಒತ್ತಿದರೆ ಕುದುರೆ ಕತ್ತು ಬಾಗಿಸಿ ನಿಂತಲ್ಲೇ ಕುಣಿಯುತ್ತಿತ್ತು. ಯಜಮಾನರು ಬೇಲಿಯ ಬಳಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಕಂದು ಕುದುರೆ ಹೆಣ್ಣು. ನಾನು ಕಲಿತದ್ದು ಅದರ ಮೇಲೆ. ಗೇಟಿನಲ್ಲಿ ನನ್ನ ಧ್ವನಿ ಕೇಳಿದರೆ ಸಾಕು, ಲಾಯದಿಂದ ಕತ್ತು ಹೊರಗೆ ಹಾಕುತ್ತಿತ್ತು. ನನ್ನ ಚೀಲದಲ್ಲಿ ಕೊಬ್ಬರಿ ಚೂರು ಯಾವ ಮಗ್ಗುಲಲ್ಲಿದೆ ಎಂಬುದೂ ಅದಕ್ಕೆ ಗೊತ್ತಿತ್ತು. ನನಗೆ ಮಕ್ಕಳಿಲ್ಲ ಎಂದು ಅದನ್ನು ಹಚ್ಚಿಕೊಂಡೆ ಎಂದು ಕೆಲವರು ಆಡಿಕೊಂಡರು. ಹಾಗೇನಿಲ್ಲ. ಅದು ಒಳ್ಳೆಯ ಕುದುರೆ, ಅದಕ್ಕೆ ಹಚ್ಚಿಕೊಂಡೆ.

ಆ ಒಳ್ಳೆಯ ಕುದುರೆ ಹೋದ ವರ್ಷ ಕೆಟ್ಟಿತು. ಮೊದಲು ತಲೆ ಕೊಡವುವುದು ಶುರುವಾಯಿತು. ಆಮೇಲೆ ಮುಂಗಾಲು ಎತ್ತಿ ನಿಲ್ಲತೊಡಗಿತು. ಮೇಷ್ಟ್ರು "ಹಠಮಾರಿ ಆಗೈತೆ, ಲಗಾಮು ಇನ್ನೊಂಚೂರು ಬಿಗಿ ಹಿಡೀರಿ" ಅಂದರು. ನಾವು ಬಿಗಿ ಹಿಡಿದೆವು. ಅದು ಇನ್ನಷ್ಟು ಎದ್ದಿತು. ಒಂದು ಭಾನುವಾರ ಕಾಲೇಜಿನ ಹುಡುಗಿಯೊಬ್ಬಳು ಅದರ ಬೆನ್ನಿನಿಂದ ಜಾರಿ ಹಿಂದಕ್ಕೆ ಬಿದ್ದಳು. ಮರಳಿನ ಮೇಲೆ ಬಿದ್ದದ್ದರಿಂದ ಏನೂ ಆಗಲಿಲ್ಲ, ಆದರೆ ಯಜಮಾನರು ಅವತ್ತೇ ತೀರ್ಮಾನ ಮಾಡಿದರು.

"ಇದು ಇನ್ ಕಲ್ಸಕ್ಕೆ ಆಗಲ್ಲ ಕಣಮ್ಮ. ಮದುವೆ ಮೆರವಣಿಗೆಯೋರು ಕೇಳ್ತಾವ್ರೆ. ಮುಂಗಾಲೆತ್ತೋ ಕುದುರೆನೇ ಬೇಕಂತೆ ಅವ್ರಿಗೆ. ಆಷಾಢ ಕಳೀಲಿ, ಕಳಿಸ್ಬಿಡ್ತೀನಿ."

ಮದುವೆ ಕುದುರೆಗಳನ್ನು ಅರಸೀಕೆರೆಯ ಛತ್ರಗಳ ಮುಂದೆ ನಾನು ಬೇಕಾದಷ್ಟು ನೋಡಿದ್ದೇನೆ. ಮುಳ್ಳಿರುವ ಕಡಿವಾಣ ಹಾಕಿರುತ್ತಾರೆ. ಪಟಾಕಿ, ಬ್ಯಾಂಡು, ಕಿವಿಯ ಹತ್ತಿರವೇ ಡ್ರಮ್ಮು. ಬಾಯಲ್ಲಿ ನೊರೆ ಬಂದಿರುತ್ತದೆ, ನೊರೆಯಲ್ಲಿ ಕೆಂಪು ಇರುತ್ತದೆ, ಜನ ಮೊಬೈಲು ಹಿಡಿದು ಕೇಕೆ ಹಾಕುತ್ತಿರುತ್ತಾರೆ. ನನ್ನ ಕುದುರೆ ಅಲ್ಲಿಗೆ ಹೋಗುವುದೆಂದರೆ ನನಗೆ ತಡೆಯಲಾಗಲಿಲ್ಲ. ಯಜಮಾನರ ಹಿಂದೆ ಬಿದ್ದು ಗೋಗರೆದೆ. ಅಷ್ಟರಲ್ಲಿ ಮೇಷ್ಟ್ರು ವಯಸ್ಸಾಯಿತೆಂದು ಬಿಟ್ಟು ಮಗಳ ಊರಿಗೆ ಹೋಗಿದ್ದರು. ಹೊಸದಾಗಿ ಬರುವ ಹುಡುಗಿ ಮೈಸೂರಿನ ಲಾಯಗಳಲ್ಲಿ ಕೆಲಸ ಕಲಿತವಳಂತೆ. ಅವಳು ನೋಡಿ ಕುದುರೆ ಸರಿಯಿದೆ ಎಂದರೆ ಇಟ್ಟುಕೊಳ್ಳುತ್ತೇನೆ ಎಂದು ಯಜಮಾನರು ಮಾತು ಕೊಟ್ಟರು.

ಹಾಗಾಗಿ ಅವಳು ಬಂದ ಮೊದಲ ಭಾನುವಾರ ನಾನು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ನನ್ನ ಕೈಯಲ್ಲಿ ಈ ಕುದುರೆ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂದು ತೋರಿಸಲು ಹೋಗಿದ್ದೆ. ಆಗ ಅವಳು ಹೇಳಿದ್ದೇ "ಅಕ್ಕ, ಇಳೀರಿ".

ಇಳಿದೆ. ಅವಳು ಕುದುರೆಯ ಕಟವಾಯಿಯನ್ನು ಬೆರಳಿನಿಂದ ಬಿಡಿಸಿ ತೋರಿಸಿದಳು. ಚರ್ಮ ಜಡ್ಡುಗಟ್ಟಿ ಬೆಳ್ಳಗಾಗಿತ್ತು. ಅದರ ನಡುವೆ ಹಸಿ ಗಾಯದ ಗೆರೆ.

"ಇದು ಹಠ ಅಲ್ಲ ಅಕ್ಕ. ಎಳೆದ್ರೆ ನೋಯುತ್ತೆ. ನೋವು ತಪ್ಪಿಸ್ಕೊಳ್ಳೋಕೆ ಮೇಲೆದ್ದು ನಿಲ್ಲುತ್ತೆ."

"ಎಲ್ಲರೂ ಹತ್ತುವ ಕುದುರೆ. ಯಾರು ಮಾಡಿದರೋ ನನಗೇನು ಗೊತ್ತು?"

"ಹತ್ತಿ, ತೋರಿಸ್ತೀನಿ."

ಹತ್ತಿದೆ. ಅವಳು ಪಕ್ಕದಲ್ಲೇ ನಡೆಯುತ್ತಾ ನನ್ನ ಮುಷ್ಟಿಯ ಮೇಲೆ ಕೈಯಿಟ್ಟಳು. "ಈ ಕೈ ಎದೆ ಹತ್ರ ಏನ್ ಮಾಡ್ತಿದೆ? ಬೆನ್ನು ಯಾಕೆ ಹಿಂದಕ್ಕೆ ಬಿದ್ದಿದೆ? ಕಾಲು ಯಾಕೆ ಮುಂದಿದೆ? ಮದುವೆ ಗಂಡು ಕೂತಂಗೆ ಕೂತಿದೀರಲ್ಲ ಅಕ್ಕ."

ಮದುವೆ ಗಂಡು! ಐವತ್ತರ ಹತ್ತಿರ ಬಂದ ಹೆಂಗಸಿಗೆ, ಊರ ಮಕ್ಕಳಿಗೆಲ್ಲ ಪಾಠ ಹೇಳುವವಳಿಗೆ ಹೇಳುವ ಮಾತೇ ಅದು? ನಾನು ದೇವಸ್ಥಾನದ ಗೋಡೆಯ ವಿಷಯ ತೆಗೆದೆ. ಎಂಟುನೂರು ವರ್ಷದ ಹಿಂದಿನವರಿಗೆ ಸವಾರಿ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, "ಅವ್ರು ಯುದ್ಧಕ್ಕೆ ಹೋಗ್ತಿದ್ರು ಅಕ್ಕ. ನಾವು ಎಲ್ಲಿಗೆ ಹೋಗ್ತಿದೀವಿ?" ಅಂದಳು. ಮನೆಗೆ ಬಂದು ಅತ್ತಿಗೆ ಬಡಿಸಿದ ಊಟ ಅರ್ಧಕ್ಕೇ ಬಿಟ್ಟೆ.

ಮುಂದಿನ ಭಾನುವಾರ ಹೋದರೆ ಇನ್ನೊಂದು ತಮಾಷೆ ಕಾದಿತ್ತು. ಲಗಾಮಿನ ಎರಡೂ ತುದಿಗಳನ್ನು ಅವಳು ಕಡಿವಾಣದ ಬಳೆಯಿಂದ ಬಿಚ್ಚಿ, ನಡುವೆ ಬಾಳೆನಾರು ಕಟ್ಟಿದ್ದಳು. ಹೂ ಕಟ್ಟುವ ಬಾಳೆನಾರು. ಅವಳ ತಾಯಿ ಬೇಲೂರಿನಲ್ಲಿ ಹೂ ಮಾರುವವರು, ಮನೆಯಿಂದಲೇ ಒಂದು ಕಂತೆ ತಂದಿದ್ದಳು. ನಾರು ಹರಿದರೂ ಕುದುರೆ ಓಡಿಹೋಗದಂತೆ ಅದರ ಮೂತಿಪಟ್ಟಿಗೆ ಒಂದು ಉದ್ದದ ಹಗ್ಗ ಕಟ್ಟಿ ಅದರ ತುದಿಯನ್ನು ತಾನು ಹಿಡಿದುಕೊಂಡಳು.

"ಜೋರಾಗಿ ಎಳೆದ್ರೆ ನಾರು ಹರಿಯುತ್ತೆ. ಹರಿದ್ರೆ ಇಳೀಬೇಕು. ಹರಿದವ್ರೇ ಕಟ್ಬೇಕು. ಕಟ್ಟಿ ಮತ್ತೆ ಹತ್ಬೇಕು. ಅಷ್ಟೇ."

ಇದೇನು ಮಕ್ಕಳಾಟ ಎಂದುಕೊಂಡು ಹತ್ತಿದೆ. ಕುದುರೆ ನಡೆಯತೊಡಗಿದ್ದೇ ತಡ ನನ್ನ ಕೈ ತಾನಾಗಿಯೇ ಎದೆಗೆ ಬಂತು, ನಾರು ಪಟ್ ಎಂದಿತು. "ಇಳೀರಿ ಅಕ್ಕ." ಇಳಿದು, ಬಗ್ಗಿ, ಕುದುರೆಯ ಬಾಯಿಯ ಪಕ್ಕ ನಿಂತು, ಬಳೆಗೆ ನಾರು ಸುತ್ತಿ ಗಂಟು ಹಾಕಿದೆ. ಹತ್ತಿದೆ. ತಿರುವಿನಲ್ಲಿ ಮತ್ತೆ ಪಟ್. "ಇಳೀರಿ ಅಕ್ಕ." ಹತ್ತುವುದು, ಹರಿಯುವುದು, ಇಳಿಯುವುದು, ಕಟ್ಟುವುದು. ಮಂಡಿ ಚಿಪ್ಪು ಕಳಚಿಬಂದಂತಾಯಿತು. ಅಕ್ಕ ಅನ್ನುತ್ತಲೇ ಬೆವರಿಳಿಸುತ್ತಿದ್ದಳು ಮಹಾರಾಯ್ತಿ. ಒಂದು ಬೈಗುಳವನ್ನಾದರೂ ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅದೂ ಇಲ್ಲ.

ಹೀಗೆ ಕೆಲವು ವಾರ ಹೋಯಿತು. ಆಷಾಢ ಹತ್ತಿರ ಬರುತ್ತಿತ್ತು. ನಾರು ಹರಿಯುವುದು ನಿಲ್ಲದಿದ್ದರೆ ಕುದುರೆ ಸರಿಯಿದೆ ಎಂದು ಅವಳು ಯಜಮಾನರಿಗೆ ಹೇಳುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು. "ನೀವೇ ಹತ್ತಿ ತೋರಿಸಿ, ಮುಗಿಯಿತಲ್ಲ" ಎಂದು ಒಂದು ದಿನ ಕೇಳಿಯೂ ಬಿಟ್ಟೆ. "ನಾನು ಹತ್ತಿದ್ರೆ ಏನ್ ಗೊತ್ತಾಗುತ್ತೆ ಅಕ್ಕ? ಅದು ಹೆದರಿರೋದು ನಿಮ್ಮ ಕೈಗೆ" ಅಂದಳು. ಮೂರು ವರ್ಷ ಕೊಬ್ಬರಿ ತಿನ್ನಿಸಿದ ಕೈಗೆ ಹೆದರಿದೆಯಂತೆ. ನಾನು ಚೀಲ ತೆಗೆದುಕೊಂಡು ಹೊರಟುಬಂದೆ.

ಹೂ ಕಟ್ಟುವವರಿಗೆಲ್ಲ ಗೊತ್ತು, ಒಣ ನಾರು ಬೇಗ ಹರಿಯುತ್ತದೆ, ನೆನೆದ ನಾರು ಗಟ್ಟಿ. ಅದರ ಮುಂದಿನ ವಾರ ನಾನು ಮನೆಯಿಂದಲೇ ಒದ್ದೆ ಬಟ್ಟೆಯಲ್ಲಿ ನಾರು ಸುತ್ತಿಕೊಂಡು ಹೋದೆ. ಅವಳು ಜೀನು ತರಲು ಹೋದಾಗ ನನ್ನ ನಾರನ್ನೇ ಎರಡೆಳೆ ಮಾಡಿ ಬಿಗಿದೆ. ಅವತ್ತು ಎರಡು ಸುತ್ತು ಬಂದೆ, ಹರಿಯಲಿಲ್ಲ. ಗೆದ್ದೆ ಎಂದು ಅವಳ ಮುಖ ನೋಡಿದೆ. ಅವಳು ಹತ್ತಿರ ಬಂದು ಗಂಟನ್ನು ಎರಡು ಬೆರಳಲ್ಲಿ ಮುಟ್ಟಿದಳು.

"ನೆನೆಸಿದೀರ?"

ಶಾಲೆಯಲ್ಲಿ ಕಾಪಿ ಹೊಡೆಯುವವರನ್ನು ಬಾಗಿಲಿಂದಲೇ ಗುರುತಿಸುವವಳು ನಾನು. ಹೂ ಕಟ್ಟುವವರ ಮಗಳ ಮುಂದೆ ನಾರಿನಲ್ಲಿ ಮೋಸ ಮಾಡಲು ಹೋಗಿದ್ದೆ. ಅವಳು ನಕ್ಕುಬಿಟ್ಟಳು. ಆ ನಗು ಬೈಗುಳಕ್ಕಿಂತ ಹೆಚ್ಚು ನನ್ನನ್ನು ಉರಿಸಿತು.

ಇದಕ್ಕೊಂದು ಕೊನೆ ಕಾಣಿಸಬೇಕೆಂದು ಆ ಮಧ್ಯಾಹ್ನವೇ ದೇವಸ್ಥಾನಕ್ಕೆ ಹೋದೆ. ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಸವಾರರ ಸಾಲಿನ ಉದ್ದಕ್ಕೂ ನಡೆದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಕೈ ಎಲ್ಲಿದೆ, ಬೆನ್ನು ಎಲ್ಲಿದೆ, ಕಾಲು ಎಲ್ಲಿದೆ, ಒಂದೊಂದನ್ನೂ ಅವಳ ಮುಖಕ್ಕೆ ಹಿಡಿಯಬೇಕೆಂದು. ಹೊರಗೆ ಹುಲ್ಲಿನ ಮೇಲೆ, ಮರದ ನೆರಳಲ್ಲಿ ಕೂತು, ಕೈ ಸರಿಯಾಗಿ ಕಾಣಲಿ ಎಂದು ಚಿತ್ರವನ್ನು ದೊಡ್ಡದು ಮಾಡಿದೆ. ಲಗಾಮು ಹಿಡಿದ ಕೈಯ ಜೊತೆಗೆ ಲಗಾಮಿನ ಇನ್ನೊಂದು ತುದಿಯೂ ಬಂತು.

ಆ ಕುದುರೆಯ ಬಾಯಿ ತೆರೆದಿತ್ತು. ಮುಂದಿನ ಚಿತ್ರ ನೋಡಿದೆ. ಕೆಲವು ಸವೆದುಹೋಗಿದ್ದವು, ಕೆಲವು ಮುರಿದಿದ್ದವು. ಇನ್ನೊಂದರಲ್ಲೂ ಬಾಯಿ ತೆರೆದಿತ್ತು, ಕತ್ತು ಹಿಂದಕ್ಕೆ ಸೆಳೆದಿತ್ತು. ಹುಟ್ಟಿದಾಗಿನಿಂದ ನೋಡಿದ ಗೋಡೆ ಅದು. ಸವಾರನ ಎದೆ ನೋಡಿದ್ದೆ, ಕೈ ನೋಡಿದ್ದೆ, ಕುದುರೆಯ ಮುಖ ನೋಡಿರಲಿಲ್ಲ. ಕೆತ್ತಿದವನು ನೋಡಿದ್ದ. ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ.

ಈಗ ನನ್ನ ಸಿಟ್ಟೆಲ್ಲ ಮೇಷ್ಟ್ರ ಕಡೆಗೆ ತಿರುಗಿತು. ಆ ಗೋಡೆಯ ಮುಂದೆ ಅದೆಷ್ಟು ಜನರನ್ನು ನಿಲ್ಲಿಸಿದ್ದರು. ಬೆರಳು ಮಾಡಿ ತೋರಿಸಿದ್ದರು. ಅಲ್ಲಿಂದಲೇ ಫೋನು ಮಾಡಿದೆ. ಕ್ಷೇಮ ಸಮಾಚಾರ ಕೇಳಲು ಹೊರಟ ಅವರ ಮಾತನ್ನು ತಡೆದು, ಕಲ್ಲಿನ ಕುದುರೆ ಬಾಯಿ ಬಿಟ್ಟಿರುವುದನ್ನು ಯಾವತ್ತಾದರೂ ನೋಡಿದ್ದೀರಾ ಎಂದು ಕೇಳಿದೆ.

"ಅಯ್ಯೋ, ನೋಡ್ದೆ ಏನ್ ತಾಯಿ? ಬಾಯಿ ಬಿಟ್ರೇನೇ ಕುದ್ರೆ ಚೆಂದ ಕಾಣೋದು. ಬಾಯಿ ಮುಚ್ಕಂಡು ನಡೆಯೋ ಕುದ್ರೆನ ಯಾರ್ ನೋಡ್ತಾರೆ?"

ಗೊತ್ತಿಲ್ಲದೆ ಕಲಿಸಿದ್ದರೆ ಹೋಗಲಿ ಎನ್ನಬಹುದಿತ್ತು. ಗೊತ್ತಿದ್ದೇ ಕಲಿಸಿದ್ದರು. ನನ್ನ ಕೈಯಿಂದಲೇ ನನ್ನ ಕುದುರೆಯ ಬಾಯಿ ಸೀಳಿಸಿ, ಚೆಂದ ಅಂದಿದ್ದರು. ನಾನು ಇಡುತ್ತೇನೆ ಎಂದೂ ಹೇಳದೆ ಫೋನು ಇಟ್ಟೆ. ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತೆ.

ಚಿತ್ರಗಳನ್ನು ಹುಡುಗಿಗೆ ತೋರಿಸಲಿಲ್ಲ. ಮುಂದಿನ ವಾರ ಹೋಗಿ ಒಣ ನಾರು ಕಟ್ಟಿಕೊಂಡೆ. ಅವಳು ಹೇಳಿದಂತೆ ಕೈಯನ್ನು ಕುದುರೆಯ ಹೆಗಲ ಹತ್ತಿರಕ್ಕೆ ಇಳಿಸಿದೆ. ಕಾಲನ್ನು ನನ್ನ ಸೊಂಟದ ನೇರಕ್ಕೆ ತಂದುಕೊಂಡೆ. ನಿಲ್ಲಿಸಬೇಕೆಂದಾಗ ಎಳೆಯದೆ, ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಟ್ಟೆ. ನಿಲ್ಲುತ್ತದೆ ಎಂದು ನನಗೆ ನಂಬಿಕೆಯೇ ಇರಲಿಲ್ಲ. ಕುದುರೆ ನಿಂತಿತು. ನಿಂತು, ತಲೆಯನ್ನು ನೆಲದ ಕಡೆಗೆ ಚಾಚಿ, ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟಿತು. ಮೂರು ವರ್ಷದಲ್ಲಿ ಅದು ನನ್ನ ಕೆಳಗೆ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ನನಗಾದ ಸಂತೋಷ ಹೇಳತೀರದು. ಹುಡುಗಿಯ ಕಡೆ ನೋಡಿದೆ, ಒಂದು ಒಳ್ಳೆಯ ಮಾತು ಬರಬಹುದೆಂದು.

"ಹಿಮ್ಮಡಿ ಮೇಲೆ ಹೋಗಿದೆ ಅಕ್ಕ."

ಹಳೆಯ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡಲಿಲ್ಲ. ದಾರಿಯಲ್ಲಿ ಲಾರಿ ಹಾರ್ನು ಹೊಡೆದರೆ ಕೈ ಎದ್ದುಬಿಡುತ್ತಿತ್ತು, ನಾರು ಹರಿಯುತ್ತಿತ್ತು. ಶಾಲೆಯಲ್ಲಿ ಹಾಜರಿ ಕರೆಯುವಾಗ ಮೇಜಿನ ಕೆಳಗೆ ಕೈ ಇಳಿಸಿಕೊಂಡು ಅಭ್ಯಾಸ ಮಾಡಿದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯನ್ನು ಬೆರಳ ತುದಿಯಲ್ಲಿ ಹಿಡಿದು, ಬ್ರೇಕು ಹಾಕಿದಾಗಲೂ ಬಿಗಿ ಮಾಡದೆ ಕೂತು ನೋಡಿದೆ. ಒಂದು ಸಲ ಜಾವಗಲ್ಲಿನ ತಿರುವಿನಲ್ಲಿ ಪಕ್ಕದವರ ಮಡಿಲಿಗೇ ಬಿದ್ದೆ.

ಆಷಾಢದ ಕೊನೆಯ ಭಾನುವಾರ ಯಜಮಾನರು ಅಂಗಳಕ್ಕೆ ಬಂದರು. ಮೆರವಣಿಗೆಯವರ ವ್ಯಾನು ಆ ವಾರವೇ ಬರುವುದಿತ್ತು. ನಾನು ಹತ್ತಿದೆ. ಹುಡುಗಿ ಹಗ್ಗವನ್ನು ಸಡಿಲ ಬಿಟ್ಟು ನಡುವೆ ನಿಂತಳು. ಒಂದು ಸುತ್ತು ನಡೆಸಿದೆ, ಒಂದು ಸುತ್ತು ಓಡಿಸಿದೆ. ಮೂರನೆಯ ಸುತ್ತಿನಲ್ಲಿ ಬೇಲಿಯ ಆಚೆ ಕಾಯಿ ಕೀಳುತ್ತಿದ್ದವರು ಒಂದು ಗೊನೆಯನ್ನೇ ಕೆಡವಿದರು. ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು. ಅದರ ಮುಂಗಾಲು ಹಗುರವಾದದ್ದು ನನ್ನ ತೊಡೆಗೆ ತಿಳಿಯಿತು. ಕೈ ಎತ್ತಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಎತ್ತಲಿಲ್ಲ. ಉಸಿರು ಬಿಟ್ಟೆ. ಕುದುರೆಯೂ ಬಿಟ್ಟಿತು. ನಾರು ಹರಿದಿರಲಿಲ್ಲ.

ಯಜಮಾನರು ಗಲ್ಲ ಕೆರೆದುಕೊಂಡರು. "ಏಳ್ಲೇ ಇಲ್ವಲ್ಲ. ಮಂಕಾಗೈತಲ್ಲ ಕುದುರೆ? ಮೊದ್ಲು ಹೆಂಗ್ ಕುಣೀತಿತ್ತು."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಎದ್ದರೆ ಮೆರವಣಿಗೆಗೆ ಕಳಿಸುತ್ತಾರೆ, ಏಳದಿದ್ದರೆ ಮಂಕು ಅನ್ನುತ್ತಾರೆ. ಅವರು "ಇಳಿ ಟೀಚರಮ್ಮ, ನಾನೇ ನೋಡ್ತೀನಿ" ಎಂದು ಪಂಚೆ ಮೇಲೆ ಕಟ್ಟಿಕೊಂಡು ಹತ್ತಿಯೇ ಬಿಟ್ಟರು. ಎದೆ ಮುಂದೆ ಮಾಡಿ, ಲಗಾಮನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿಯಿಂದ ಗುದ್ದಿ, ಮೇಲಕ್ಕೆ ಜಗ್ಗಿದರು.

ಎರಡೂ ನಾರು ಒಟ್ಟಿಗೇ ಹರಿದವು. ಲಗಾಮಿನ ಪಟ್ಟಿ ಅವರ ಕೈಯಲ್ಲಿ ಉಳಿಯಿತು. ಕುದುರೆ ನಿಂತಲ್ಲೇ ನಿಂತಿತ್ತು, ಕಿವಿ ಮಾತ್ರ ನನ್ನ ಕಡೆ ತಿರುಗಿಸಿ.

"ಯಜಮಾನ್ರೇ, ಇಳೀರಿ" ಅಂದಳು ಹುಡುಗಿ. ನನಗೆ ಹೇಳುತ್ತಿದ್ದ ಅದೇ ಧ್ವನಿ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ನಾನು ಕಂತೆಯಿಂದ ಎರಡು ನಾರು ಎಳೆದು ಅವರ ಮುಂದೆ ಹಿಡಿದೆ. "ಹರಿದವರೇ ಕಟ್ಟಬೇಕು ಯಜಮಾನ್ರೇ. ಇಲ್ಲಿ ಹಾಗೇ ಪದ್ಧತಿ."

ಕಡಿವಾಣದ ಬಳೆ ಕುದುರೆಯ ಕಟವಾಯಿಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ನಾರು ಕಟ್ಟಬೇಕೆಂದರೆ ಮುಖವನ್ನು ಅಲ್ಲಿಗೇ ತರಬೇಕು, ಕಣ್ಣು ತಪ್ಪಿಸಲು ಜಾಗವಿಲ್ಲ. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. ದಪ್ಪ ಬೆರಳಿಗೆ ಗಂಟು ಕೂರಲಿಲ್ಲ. ಇನ್ನಷ್ಟು ಬಗ್ಗಿದರು. ಆಮೇಲೆ ಅವರ ಕೈ ನಿಂತಿತು.

"ಏನಮ್ಮ ಇದು, ಬಾಯೆಲ್ಲ ಹಿಂಗಾಗೈತೆ? ಯಾವನ್ಲಾ ಮಾಡಿದ್ದು ಇದ್ನ?" ಎಂದು ಜೋರು ಮಾಡಿದರು. ಅವರು ಜಗ್ಗಿ ಕಿತ್ತ ಲಗಾಮಿನ ಪಟ್ಟಿ ಇನ್ನೂ ಅವರ ಹೆಗಲ ಮೇಲೇ ಇತ್ತು.

"ಕಲಿಸಿದವರು, ಕಲಿತವರು, ಬೇಲಿ ಹತ್ತಿರ ನಿಂತು ಚಪ್ಪಾಳೆ ಹೊಡೆದವರು" ಅಂದೆ. ಮೆತ್ತಗೆ ಹೇಳಬೇಕೆಂದಿದ್ದೆ. ಬೇಲಿಯ ಆಚೆ ಕಾಯಿ ಕೀಳುತ್ತಿದ್ದವರೂ ಕೆಲಸ ನಿಲ್ಲಿಸುವಷ್ಟು ಜೋರಾಗಿಯೇ ಬಂತು.

ಯಜಮಾನರು ಹೆಬ್ಬೆರಳಿನಿಂದ ಆ ಜಡ್ಡುಗಟ್ಟಿದ ಚರ್ಮವನ್ನು ಒಮ್ಮೆ ಸವರಿದರು. ಕುದುರೆ ತಲೆ ಎಳೆದುಕೊಂಡಿತು, ಮತ್ತೆ ತಂದಿತು. ಅವರು ಜೇಬಿನಿಂದ ಫೋನು ತೆಗೆದು ಯಾರಿಗೋ, "ವ್ಯಾನ್ ತರ್ಬೇಡಿ. ಇಲ್ಲ, ಕೊಡಲ್ಲ. ಯಾಕೂ ಇಲ್ಲ, ಕೊಡಲ್ಲ ಅಷ್ಟೇ" ಅಂದರು. ಫೋನು ಒಳಗಿಟ್ಟು ಮತ್ತೆ ಬಗ್ಗಿ ಗಂಟು ಎಳೆದರು. ನಾರು ಪಟ್ ಎಂದಿತು.

"ಇನ್ನೊಂದ್ ನಾರು ಕೊಡಮ್ಮ" ಎಂದು ನನ್ನ ಕಡೆ ನೋಡದೆ ಕೈ ಚಾಚಿದರು.